ನಲವತ್ತೆರಡನೆಯ ಪತ್ರ

ಕುರ್ರಂಬಿಲ್ ಊರನ್ನು ನದಿ ಎರಡಾಗಿ ಸೀಳಿದೆ. ಊರಿನ ಕತೆಗಳೂ ಒಂದೊಂದು ದಂಡೆಯಲ್ಲಿ ಒಂದೊಂದು ಬಗೆಯಾಗಿ ಹರಿಯುತ್ತವೆ. ಐಲ್ಸಾ ಮೆಕ್‌ಫೀಗೆ ಬಂದ ಪತ್ರಗಳು ಮೂವತ್ತು ಎಂದು ಉತ್ತರ ದಂಡೆಯವರು ಹೇಳುತ್ತಾರೆ, ನೂರಕ್ಕೆ ಕಡಿಮೆಯಿಲ್ಲ ಎಂದು ದಕ್ಷಿಣ ದಂಡೆಯವರು ಆಣೆಯಿಡುತ್ತಾರೆ. ನಲವತ್ತೊಂದು ಎಂಬುದೇ ಸರಿ. ಏಳು ವರ್ಷಗಳಲ್ಲಿ ನಲವತ್ತೊಂದು ಪತ್ರಗಳು. ಎರಡು ದಂಡೆಯವರೂ ಒಂದೇ ರೀತಿ ಹೇಳುವುದು ನಲವತ್ತೆರಡನೆಯದರ ಸಂಗತಿಯನ್ನು ಮಾತ್ರ.

ಐಲ್ಸಾ ‘ಕುರ್ರಂಬಿಲ್ ಆರ್ಗಸ್’ ಪತ್ರಿಕೆಯ ವರದಿಗಾರ್ತಿ. ವಾರಕ್ಕೆ ಮೂರು ಸಲ ಬರುವ ಆ ಪತ್ರಿಕೆಯಲ್ಲಿ ಊರಿನ ಮದುವೆ, ಸಾವು, ನೆರೆ, ಕೌನ್ಸಿಲ್ ಸಭೆಯ ಜಗಳ ಎಲ್ಲವೂ ಅವಳ ಟೈಪ್‌ರೈಟರಿನಿಂದಲೇ ಬರಬೇಕಾಗಿತ್ತು. ಅವಳು ನಲವತ್ತರ ಹೊಸ್ತಿಲಲ್ಲಿದ್ದಾಗ ಅವಳ ತಂದೆ ತೀರಿಕೊಂಡರು. ನದಿಯ ಬಾಯಲ್ಲಿ ಮರಳುದಿಬ್ಬ ತಪ್ಪಿಸಿ ಹಡಗುಗಳನ್ನು ಒಳಗೆ ತರುವ ಪೈಲಟ್ ಆಗಿದ್ದವರು. ಅವರ ಬಗ್ಗೆ ಅವಳು ಬರೆದದ್ದು ನಾಲ್ಕೇ ಸಾಲು. ಮುಂದಿನ ವಾರ ಮೊದಲ ಪತ್ರ ಬಂತು. “ಮಿಸ್ ಮೆಕ್‌ಫೀ ಅವರಿಗೆ. ದಿಬ್ಬ ದಾಟುವಾಗ ನಿಮ್ಮ ತಂದೆ ಸಿಳ್ಳೆ ಹಾಕುತ್ತಿದ್ದುದನ್ನು ನೀವು ಬರೆಯಲಿಲ್ಲ. ಮರೆತಿರಲಾರಿರಿ. ಬರೆದರೆ ಅಳು ಬರುತ್ತದೆಂದು ಬಿಟ್ಟಿರಬೇಕು.” ಕೆಳಗೆ ಹೆಸರಿರಲಿಲ್ಲ, ವಿಳಾಸವಿರಲಿಲ್ಲ. ‘ನದಿಯವನು’ ಎಂದಷ್ಟೇ ಇತ್ತು. ತಂದೆಯನ್ನು ಮಣ್ಣು ಮಾಡಿದ ದಿನ ಬಾರದ ಅಳು ಅವಳಿಗೆ ಅಂದು ಬಂತು.

ಆ ಮೇಲೆ ಎರಡು ತಿಂಗಳಿಗೊಮ್ಮೆ, ಕೆಲವೊಮ್ಮೆ ತಿಂಗಳಿಗೆರಡು ಬಾರಿ, ಅದೇ ಕೈಬರಹ. ಬಾಲವಿರುವ ಅಕ್ಷರಗಳೆಲ್ಲ ಗಾಳದ ಕೊಕ್ಕೆಯಂತೆ ಎಡಕ್ಕೆ ಬಾಗಿರುತ್ತಿದ್ದವು. ಪಡುವಣ ಗಾಳಿ ಬೀಸಿದ ಮೂರನೆಯ ದಿನ ಮುಲ್ಲೆಟ್ ಮೀನಿನ ಹಿಂಡು ಹೇಗೆ ಬರುತ್ತದೆ, ಕಬ್ಬಿನ ಗದ್ದೆಗೆ ಬೆಂಕಿಯಿಟ್ಟ ಸಂಜೆ ಕರಿಬೂದಿ ಹೇಗೆ ನೀರಿನ ಮೇಲೆ ಇಳಿಯುತ್ತದೆ ಎಂದು ಬರೆಯುತ್ತಿದ್ದ. ಹನ್ನೆರಡನೆಯ ಪತ್ರದಲ್ಲಿ ಹೀಗಿತ್ತು: “ನಿಮ್ಮ ಕಿಟಕಿಯಲ್ಲಿ ನೀವು ಕಂಡರೆ ದೋಣಿಯನ್ನು ತುಸು ನಿಧಾನ ಮಾಡುತ್ತೇನೆ. ಅಷ್ಟಕ್ಕೆ ನಿಮ್ಮ ಅಪ್ಪಣೆ ಇದೆಯೆಂದುಕೊಳ್ಳುತ್ತೇನೆ.” ಆ ನದಿಯಲ್ಲಿ ದೋಣಿಯಿಲ್ಲದ ಮನೆಯೇ ಇರಲಿಲ್ಲ, ಹಾಗಾಗಿ ಅದರಿಂದ ಯಾರನ್ನೂ ಗುರುತಿಸುವಂತಿರಲಿಲ್ಲ. ಪತ್ರಿಕೆಯಲ್ಲಿ ಒಂದು ಸಾಲು ಸೇರಿಸಿ ಅವಳು ಉತ್ತರ ಕೊಡಬಹುದಿತ್ತು. ಆದರೆ ತನ್ನ ಮನಸ್ಸನ್ನು ಊರಿನ ಮುಂದೆ ಅಚ್ಚುಹಾಕಿಸುವ ಹೆಣ್ಣಲ್ಲ ಅವಳು.

ಬದಲಿಗೆ ಹುಡುಕಿದಳು. ಚಿಕ್ಕ ಊರಿನಲ್ಲಿ ಕೈಬರಹಕ್ಕೇನು ಬರ? ಸಾವಿನ ಮನೆಯ ಸಂತಾಪದ ಪುಸ್ತಕ, ಕ್ರಿಕೆಟ್ ಕ್ಲಬ್ಬಿನ ಸ್ಕೋರು ಪುಸ್ತಕ, ಚರ್ಚಿನ ಹೂವಿನ ಸರದಿಯ ಪಟ್ಟಿ, ಮೀನುಗಾರರ ಸಂಘದ ತೂಕದ ಹಲಗೆ ಎಲ್ಲದರ ಮುಂದೆಯೂ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದಳು. ಕೊಕ್ಕೆಯ ಬಾಲ ಎಲ್ಲೂ ಸಿಗಲಿಲ್ಲ. ಆದರೂ ಅವಸರವಿರಲಿಲ್ಲ. ಸಿಗುತ್ತದೆ ಎಂಬ ನಂಬಿಕೆಯೇ ಅವಳಿಗೆ ಊಟದಷ್ಟು ಒಗ್ಗಿಹೋಗಿತ್ತು.

ಆರನೆಯ ವರ್ಷ ಪತ್ರಗಳ ದನಿ ಬದಲಾಯಿತು. ನೆರೆ ತಡೆಯಲು ಕೌನ್ಸಿಲ್ ಕಟ್ಟಿಸುತ್ತಿದ್ದ ಒಡ್ಡು ಉತ್ತರ ದಂಡೆಯಲ್ಲಿ ನಕ್ಷೆಗಿಂತ ಮೂರಡಿ ಎತ್ತರವಾಗಿದೆ, ದಕ್ಷಿಣದಲ್ಲಿ ಎರಡಡಿ ತಗ್ಗಾಗಿದೆ ಎಂದು ಅವನು ಅಳತೆ ಸಮೇತ ಬರೆದ. ಉತ್ತರ ದಂಡೆಯ ಕಬ್ಬೆಲ್ಲ ಕೌನ್ಸಿಲ್ ಅಧ್ಯಕ್ಷ ಲ್ಯಾಂಬರ್ಟ್ ಡ್ರೂ ಅವರದು. ಐಲ್ಸಾ ತಾನೇ ಅಳತೆಗೋಲು ಹಿಡಿದು ಒಡ್ಡಿನ ಮೇಲೆ ನಡೆದು ನೋಡಿದಳು, ನಕ್ಷೆಯ ಪ್ರತಿ ತರಿಸಿ ಹೋಲಿಸಿದಳು, ಆ ಮೇಲೆ ಬರೆದಳು. ಡ್ರೂ ಪತ್ರಿಕೆಯ ಮೇಲೂ ಅವಳ ಮೇಲೂ ಮಾನಹಾನಿ ಮೊಕದ್ದಮೆ ಹೂಡಿದರು. “ನನಗೆ ಪರಿಹಾರ ಬೇಡ, ನನ್ನ ಕಚೇರಿಯೊಳಗಿನ ಇಲಿ ಬೇಕು,” ಎಂದು ಹೋಟೆಲಿನ ಬಾರಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಬರೆದವನು ಕೌನ್ಸಿಲ್ಲಿನ ಸಂಬಳ ತಿನ್ನುವವನೇ ಎಂಬುದು ಅಳತೆಗಳಿಂದಲೇ ತಿಳಿಯುತ್ತಿತ್ತು, ಕೌನ್ಸಿಲ್ ನೌಕರರು ಇರುವುದೂ ಕೌನ್ಸಿಲ್ಲಿನ ಮನೆಗಳಲ್ಲೇ. ಹೆಸರು ಹೊರಬಿದ್ದರೆ ಅವನಿಗೆ ಕೆಲಸವೂ ಇಲ್ಲ, ಸೂರೂ ಇಲ್ಲ.

ಪತ್ರಿಕೆಯ ವಕೀಲ ಹರ್ಬರ್ಟ್ ಲಸ್ಕಮ್ ಐಲ್ಸಾಳ ತಂದೆಯ ಜೊತೆ ಮೀನು ಹಿಡಿದು ಮುದುಕರಾದವರು. ಮಾರ್ಚ್‌ನಲ್ಲಿ ಒಂದು ದಿನ ಅವರು ಅವಳನ್ನು ಎದುರಿಗೆ ಕೂರಿಸಿಕೊಂಡರು.

“ನೋಡಮ್ಮ, ವಿಚಾರಣೆಗೆ ಮುಂಚೆ ಎರಡೂ ಕಡೆಯವರು ತಮ್ಮ ಹತ್ರ ಇರೋ ಕಾಗದಪತ್ರ ಎಲ್ಲಾ ಪಟ್ಟಿ ಮಾಡಿ, ಪ್ರಮಾಣ ಮಾಡಿ, ಒಬ್ಬರಿಗೊಬ್ಬರು ತೋರಿಸ್ಬೇಕು. ಆದ್ರೆ ಪತ್ರಿಕೆಗಳಿಗೆ ಹಳೇ ಕಾಲದಿಂದ ಒಂದು ರಿಯಾಯಿತಿ ಇದೆ. ಸುದ್ದಿ ಕೊಟ್ಟೋರ ಹೆಸರನ್ನ ಈ ಹಂತದಲ್ಲಿ ಹೇಳಿ ಅಂತ ಕೋರ್ಟು ಸಾಮಾನ್ಯವಾಗಿ ಬಲವಂತ ಮಾಡಲ್ಲ.”

“ಹಾಗಾದ್ರೆ ಆಯ್ತಲ್ಲ.”

“ಆಗಲಿಲ್ಲ. ವಿಚಾರಣೆ ದಿನ ಆ ಕೊಡೆ ಮಡಚಿ ಹೋಗುತ್ತೆ. ಸಾಕ್ಷಿಕಟ್ಟೇಲಿ ನಿಲ್ಲಿಸಿ ಯಾರು ಅಂತ ಕೇಳಿದ್ರೆ ಹೇಳ್ಬೇಕು. ಹೇಳದಿದ್ರೆ ಜೈಲು.”

“ಹೋಗ್ತೀನಿ.”

“ಹೋಗ್ತೀಯ, ನಂಗೊತ್ತು. ನಿಮ್ಮಪ್ಪನ ಹಟವೇ ನಿಂದು. ಆದ್ರೆ ಇಂಥ ಕಾಗದ ಬರೆಯೋ ಮನುಷ್ಯ, ನೀನು ಜೈಲಲ್ಲಿದ್ದೀಯ ಅಂದ್ರೆ ಮನೇಲಿ ಕೂತು ಟೀ ಕುಡೀತಾನಾ? ಮಾರನೇ ದಿನ ತಾನೇ ಬಂದು ನಿಲ್ತಾನೆ. ಡ್ರೂಗೆ ಬೇಕಾಗಿರೋದೂ ಅದೇ.” ಲಸ್ಕಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅವನು ಯಾರು ಅಂತ ನಿಂಗೆ ನಿಜವಾಗ್ಲೂ ಗೊತ್ತಿಲ್ವಾ?”

“ಇಲ್ಲ.”

“ದೇವರು ದೊಡ್ಡವನು. ಹಾಗೇ ಇರು. ಗೊತ್ತಿಲ್ಲ ಅಂತ ನೀನು ಸತ್ಯವಾಗಿ ಪ್ರಮಾಣ ಮಾಡೋಕೆ ಸಾಧ್ಯವಾದ್ರೆ ಮಾತ್ರ ಆ ಮನುಷ್ಯ ಉಳೀತಾನೆ. ವಿಚಾರಣೆ ಮುಗಿಯೋವರೆಗೂ ಯಾರು ಅಂತ ತಿಳ್ಕೋಬೇಡ. ಊಹೆ ಕೂಡ ಮಾಡ್ಬೇಡ.”

ಏಳು ವರ್ಷ ಹುಡುಕಿದವಳು ಅಂದಿನಿಂದ ಹುಡುಕದಿರುವುದನ್ನು ಕಲಿಯಬೇಕಾಯಿತು. ಬಾಯಾರಿದವರು ನೀರು ಕುಡಿಯದೆ ಇರಬಲ್ಲರು. ನೀರನ್ನು ನೋಡಲೂ ಕೂಡದು ಎಂದರೆ ನದಿಯ ದಂಡೆಯಲ್ಲಿ ಬದುಕುವುದು ಹೇಗೆ? ಸಂತಾಪದ ಪುಸ್ತಕ ಕಂಡರೆ ಮುಖ ತಿರುಗಿಸಿದಳು. ಹೂವಿನ ಸರದಿಯನ್ನು ಬಾಯಿಮಾತಿನಲ್ಲಿ ಕೇಳಿಕೊಂಡಳು. ಏಪ್ರಿಲ್‌ನಲ್ಲಿ ವಾರ್ಷಿಕ ಕೃಷಿ ಪ್ರದರ್ಶನ ಬಂತು. ಅಲ್ಲಿಯ ಮಂಟಪದಲ್ಲಿ ಕುಂಬಳ, ಜಾಮು, ಸ್ಪಂಜ್ ಕೇಕು, ಜೇನು, ಹೆಣೆದ ಬಲೆ ಎಲ್ಲದಕ್ಕೂ ಅವರವರ ಕೈಯಲ್ಲೇ ಬರೆದ ಹೆಸರಿನ ಚೀಟಿ ಕಟ್ಟಿರುತ್ತಾರೆ. ಗೆದ್ದವರ ಹೆಸರುಗಳನ್ನು ಆ ಚೀಟಿಗಳಿಂದಲೇ ಬರೆದುಕೊಳ್ಳಬೇಕಾದವಳು ಐಲ್ಸಾ. ಎರಡೂ ದಂಡೆಯ ಕೈಬರಹವೆಲ್ಲ ಒಂದೇ ಸೂರಿನಡಿ ಸೇರುವ ದಿನ ಅದು. ಹಿಂದಿನ ವರ್ಷಗಳಲ್ಲಿ ಅವಳು ಕಾದು ಕಾದು ಹೋಗುತ್ತಿದ್ದ ದಿನ.

ಮಂಟಪದ ಮೇಲ್ವಿಚಾರಕಿ ಈನಿಡ್ ಕ್ವಿಲ್ಟಿ ಅವಳ ಶಾಲೆಯ ಗೆಳತಿ. ಐಲ್ಸಾ ಅವಳ ಎದುರು ಪುಸ್ತಕ ತೆರೆದು, ದೃಷ್ಟಿಯನ್ನು ಪುಸ್ತಕದಿಂದ ಎತ್ತದೆ, “ನೀನು ಓದ್ತಾ ಹೋಗು ಈನಿಡ್, ನಾನು ಬರ್ಕೋತೀನಿ,” ಎಂದಳು.

“ಯಾಕೆ, ಕಣ್ಣು ಮಂಜಾಯ್ತಾ?”

“ಹಾಗೇ ಅನ್ಕೋ.”

“ಅಂಜೂರದ ಜಾಮು, ಮೊದಲನೇ ಬಹುಮಾನ, ಮಿಸೆಸ್ ಟೂವಿ. ಈ ವರ್ಷಾನೂ ಅವಳದ್ದೇ. ತೀರ್ಪುಗಾರ ಅವಳ ಭಾವ ಅಂತ ಬರ್ಕೊಳೇ.”

“ಇನ್ನೊಂದು ಮೊಕದ್ದಮೆ ಬೇಡ ಕಣೇ. ಒಂದೇ ಸಾಕು.”

“ಇರೋದನ್ನ ಹೇಳಿದ್ರೆ ಮೊಕದ್ದಮೆ ಹೇಗಾಗುತ್ತೆ?”

“ಇರೋದನ್ನ ಹೇಳಿದ್ರೇನೇ ಆಗೋದು.”

ಹೆಣೆದ ಬಲೆಗಳ ಸಾಲಿಗೆ ಬಂದಾಗ ಈನಿಡ್ ಒಂದು ಚೀಟಿಯನ್ನು ಬಿಚ್ಚಿ ಅವಳ ಮೂಗಿನ ಹತ್ತಿರ ಹಿಡಿದಳು. “ಇದೊಂದು ನಂಗೆ ಓದೋಕಾಗ್ತಿಲ್ಲ. ಕೋಳಿ ಕೆದರಿದ ಹಾಗಿದೆ. ನೀನೇ ನೋಡು.” ಐಲ್ಸಾ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಜನ ತುಂಬಿದ ಮಂಟಪದ ನಟ್ಟನಡುವೆ, ಪೆನ್ಸಿಲ್ ಹಿಡಿದು, ಕಣ್ಣು ಮುಚ್ಚಿ ನಿಂತ ಹೆಂಗಸನ್ನು ಈನಿಡ್ ಸ್ವಲ್ಪ ಹೊತ್ತು ನೋಡಿದಳು. ಆ ಮೇಲೆ ಚೀಟಿಯನ್ನು ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡು, “ಬಲೆಯ ಸಾಲಿನಲ್ಲಿ ಬಹುಮಾನವಿಲ್ಲ ಅಂತ ಬರ್ಕೋ,” ಎಂದಳು.

ಜೂನ್‌ನಲ್ಲಿ ಪಟ್ಟಿ ಸಿದ್ಧವಾಯಿತು. ನಲವತ್ತೊಂದರಲ್ಲಿ ಒಡ್ಡಿನ ವಿಷಯವಿದ್ದದ್ದು ಹತ್ತೊಂಬತ್ತು, ಅವಷ್ಟನ್ನೇ ತೋರಿಸಬೇಕು. ಕೈಬರಹವೂ ಹೆಸರು ಹೇಳಿಬಿಡುತ್ತದೆಂದು ಅವನ್ನು ಟೈಪ್ ಮಾಡಿ, ಅವುಗಳಲ್ಲೂ ಮೊಕದ್ದಮೆಗೆ ಸಂಬಂಧವಿಲ್ಲದ ಸಾಲುಗಳಿಗೆ ಬಿಳಿಯ ಕಾಗದದ ಪಟ್ಟಿ ಅಂಟಿಸಿ, ಯಂತ್ರದಲ್ಲಿ ಪ್ರತಿ ತೆಗೆಯಬೇಕು. ಅಂಟಿನ ಡಬ್ಬಿ, ಕತ್ತರಿ ಹಿಡಿದು ಲಸ್ಕಮ್‌ರ ಕಚೇರಿಯ ಮೂಲೆಯಲ್ಲಿ ಐಲ್ಸಾ ಎರಡು ದಿನ ಕುಳಿತಳು. ಯಾವ ಸಾಲು ನ್ಯಾಯಾಲಯದ್ದು, ಯಾವ ಸಾಲು ತನ್ನದು ಎಂದು ಬೇರ್ಪಡಿಸುವುದು ಅಕ್ಕಿಯಿಂದ ಕಲ್ಲು ಆರಿಸಿದಷ್ಟು ಸುಲಭವಾಗಿರಲಿಲ್ಲ. “ದಕ್ಷಿಣದ ಒಡ್ಡು ಎರಡಡಿ ತಗ್ಗು” ಎಂಬುದು ಕೋರ್ಟಿನದು. “ನೆರೆ ಬಂದರೆ ನಿಮ್ಮ ತಂದೆ ನೆಟ್ಟ ನಿಂಬೆಗಿಡ ಮೊದಲು ಮುಳುಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ” ಎಂಬುದು ಯಾರದು? ಆ ಸಾಲಿನ ಮೇಲೆ ಪಟ್ಟಿಯನ್ನಿಟ್ಟು, ತೆಗೆದು, ಮತ್ತೆ ಇಟ್ಟಳು. ಕೊನೆಗೆ ಲಸ್ಕಮ್ ಬಂದು ಭುಜದ ಮೇಲಿಂದ ಓದಿ, ತಾವೇ ಬೆರಳಿನಿಂದ ಒತ್ತಿ ಅಂಟಿಸಿದರು.

“ಹೊಸ ಪತ್ರ ಬಂದ್ರೆ?” ಎಂದು ಅವಳು ಕೇಳಿದಳು.

“ಒಡ್ಡಿನ ಮಾತು ಅದರಲ್ಲಿದ್ರೆ ಪಟ್ಟಿಗೆ ಸೇರಿಸ್ಬೇಕು. ಪ್ರಮಾಣ ಇವತ್ತಿಗೆ ಮುಗಿಯಲ್ಲ.”

“ಹರಿದು ಹಾಕಿದ್ರೆ?”

“ನೀನು ಜೈಲಿಗೆ, ನಾನು ಮನೆಗೆ.”

“ಬಂದದ್ದನ್ನ ನಾನು ತಗೊಳ್ಳದೇ ಇದ್ರೆ?”

ಲಸ್ಕಮ್ ಕಿಟಕಿಯ ಕಡೆ ತಿರುಗಿದರು. “ಮಳೆ ಬರೋ ಹಾಗಿದೆ,” ಎಂದರು.

ಡ್ರೂ ಕಡೆಯ ವಕೀಲ ಟ್ರ್ಯಾಂಟರ್ ಪ್ರತಿಗಳನ್ನು ಓದಲು ಬಂದ. ಕಡ್ಡಿ ತುಂಡಾದ ಹಾಗೆ ಮಾತಾಡುವ, ಹಲ್ಲು ಬಿಟ್ಟು ನಗುವ ಮನುಷ್ಯ. ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ.

“ಇದೇನು ಮಿಸ್ ಮೆಕ್‌ಫೀ, ಪತ್ರಾನೋ ಬೇಲೀನೋ? ಹಲಗೆ ಸಂದೀಲಿ ಇಣುಕಿ ನೋಡ್ಬೇಕು.”

“ಬೇಲಿ ಹಾಕೋದೇ ಇಣುಕೋರಿಗೋಸ್ಕರ ಮಿಸ್ಟರ್ ಟ್ರ್ಯಾಂಟರ್.”

“ಒಡ್ಡಿನ ವಿಷಯ ನಾಲ್ಕು ಸಾಲು, ಮುಚ್ಚಿರೋದು ಹದಿನಾಲ್ಕು. ನಿಮ್ಮ ಸ್ನೇಹಿತ ತುಂಬಾ ಮಾತುಗಾರ.”

“ಉಳಿದದ್ದು ಮೀನಿನ ವಿಷಯ,” ಎಂದರು ಲಸ್ಕಮ್. “ನಾನು ಓದಿ ನೋಡಿದೀನಿ. ಮೀನು ಮೊಕದ್ದಮೆ ಹೂಡಿದಾಗ ಹೇಳಿ, ತೋರಿಸ್ತೀವಿ.”

ಟ್ರ್ಯಾಂಟರ್ ನ್ಯಾಯಾಧೀಶರಿಗೆ ಅರ್ಜಿ ಹಾಕಿದ. ವಿಚಾರಣೆಗೆ ಮುಂಚೆ ಪತ್ರಿಕೆಯಿಂದ ಹೆಸರು ಹೊರಡಿಸಲಾಗದು, ಕೇಳಬೇಕಾದ್ದನ್ನು ವಿಚಾರಣೆಯ ದಿನ ಕೇಳಿ ಎಂದು ನ್ಯಾಯಾಧೀಶರು ಜುಲೈನಲ್ಲಿ ಅರ್ಜಿಯನ್ನು ತಳ್ಳಿಹಾಕಿದರು. ವಿಚಾರಣೆ ಆಗಸ್ಟ್ ಇಪ್ಪತ್ತಕ್ಕೆ ನಿಂತಿತು. ಐಲ್ಸಾ ಸಾಕ್ಷಿಕಟ್ಟೆ ಹತ್ತುವುದು ಖಚಿತವೆಂದು ‘ಆರ್ಗಸ್’ ತಾನೇ ಅಚ್ಚು ಹಾಕಿತು. ಅದನ್ನು ಓದಬೇಕಾದವನೂ ಓದಿರಬೇಕು.

ಜುಲೈ ಕಡೆಯ ವಾರ ಪೋಸ್ಟ್ ಮಿಸ್ಟ್ರೆಸ್ ಮಿಸೆಸ್ ಹ್ಯಾಲೊರನ್ ಅವಳನ್ನು ಕೌಂಟರಿಗೆ ಕರೆಸಿದಳು.

“ನಿಂಗೊಂದು ರಿಜಿಸ್ಟರ್ಡ್ ಬಂದಿದೆ ಕಣಮ್ಮ. ಸಹಿ ಹಾಕ್ಬೇಕು.”

ಹಿಂದಿನ ನಲವತ್ತೊಂದೂ ಸಾಮಾನ್ಯ ಅಂಚೆಯಲ್ಲಿ ಬಂದಿದ್ದವು. ಇದು ಮಾತ್ರ ದೂರದ ರೈಲು ಜಂಕ್ಷನ್ನಿನಲ್ಲಿ, ಯಾರೂ ಯಾರನ್ನೂ ಗುರುತಿಸದ ಕಡೆ, ನೋಂದಣಿ ಮಾಡಿಸಿದ್ದು. ವಿಳಾಸದಲ್ಲಿ ಅದೇ ಕೊಕ್ಕೆಗಳು. ದಪ್ಪ ಲಕೋಟೆ. ಇದು ತಪ್ಪದೆ ಅವಳ ಕೈಗೇ ಸೇರಬೇಕೆಂದು ಅವನು ಒಂದು ದಿನದ ಸಂಬಳ ಬಿಟ್ಟು ಅಷ್ಟು ದೂರ ಹೋಗಿಬಂದಿದ್ದಾನೆ. ಒಳಗೆ ಏನಿದೆಯೆಂದು ಬಿಚ್ಚದೆಯೇ ಅವಳಿಗೆ ತಿಳಿಯಿತು. “ನನ್ನ ಹೆಸರು ಇಂಥದ್ದು. ನನಗಾಗಿ ಜೈಲಿಗೆ ಹೋಗಬೇಡಿ. ಕೇಳಿದರೆ ಹೇಳಿಬಿಡಿ.” ಏಳು ವರ್ಷ ಅವಳು ಊರಿನ ಪ್ರತಿ ಚೀಟಿಯಲ್ಲೂ ಹುಡುಕಿದ ಹೆಸರು, ಈಗ ಒಂದು ಗೇಣು ದೂರದಲ್ಲಿ, ಮರದ ಕೌಂಟರಿನ ಮೇಲೆ ಬಿದ್ದಿತ್ತು.

ತೆಗೆದುಕೊಂಡರೆ ಟ್ರ್ಯಾಂಟರ್ ಅದನ್ನು ಬೆಳಕಿಗೆ ಹಿಡಿಯುತ್ತಾನೆ. ಹೆಸರಿನ ಮೇಲೆ ಪಟ್ಟಿ ಅಂಟಿಸಬಹುದು. ಆದರೆ ಅವಳ ತಲೆಯೊಳಗಿನ ಹೆಸರಿನ ಮೇಲೆ ಅಂಟಿಸಲು ಯಾವ ಕಾಗದವೂ ಇರಲಿಲ್ಲ.

“ತಗೊಳ್ಳದೇ ಇದ್ರೆ ಏನಾಗುತ್ತೆ?”

“ತಗೊಳ್ಳದೇ ಇರೋದಾ? ಯಾಕೆ, ತೆರಿಗೆಯೋರದ್ದಾ? ಅವರದ್ದಾದ್ರೆ ಟೈಪ್ ಆಗಿರುತ್ತೆ, ಇದು ಕೈಬರಹ.” ಅವಳ ಮುಖ ನೋಡಿ ಮಿಸೆಸ್ ಹ್ಯಾಲೊರನ್ ದನಿ ತಗ್ಗಿಸಿದಳು. “ಕಳಿಸಿದೋರ ವಿಳಾಸ ಹೊರಗಿಲ್ಲ. ಸಿಡ್ನಿಗೆ ಹೋಗುತ್ತೆ, ಸತ್ತ ಕಾಗದಗಳ ಕಚೇರಿಗೆ. ಅಲ್ಲಿ ಒಡೆದು ನೋಡ್ತಾರೆ. ಒಳಗೆ ವಿಳಾಸ ಇದ್ರೆ ವಾಪಸ್, ಇಲ್ದಿದ್ರೆ ಸುಡ್ತಾರೆ. ಬೇಡ ಅಂತ ನೀನೇ ಲಕೋಟೆ ಮೇಲೆ ಬರೆದು ಸಹಿ ಮಾಡ್ಬೇಕು. ಬರೀತೀಯಾ?”

ಹಿಂದೆ ನಿಂತವರೊಬ್ಬರು ಕೆಮ್ಮಿದರು. ಐಲ್ಸಾ ಲೇಖನಿ ತೆಗೆದುಕೊಂಡು, ವಿಳಾಸದ ಅಕ್ಷರಗಳಿಗೆ ತಾಗದಂತೆ, ‘ತೆಗೆದುಕೊಳ್ಳಲಿಲ್ಲ’ ಎಂದು ಬರೆದು, ಸಹಿ ಮಾಡಿ, ತಾರೀಕು ಹಾಕಿದಳು. ಶಾಯಿ ಆರುವ ತನಕ ಲಕೋಟೆಯ ಮೇಲೆ ಅಂಗೈ ಇಟ್ಟುಕೊಂಡಿರಬೇಕೆನಿಸಿತು. ಶಾಯಿ ಕದಡುತ್ತದೆಂದು ಕೈ ಹಿಂದಕ್ಕೆಳೆದುಕೊಂಡಳು.

ವಿಚಾರಣೆಯ ದಿನ ಕುರ್ರಂಬಿಲ್ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡ್ರೂ ಸಿಡ್ನಿಯಿಂದ ಕರೆಸಿದ ಬ್ಯಾರಿಸ್ಟರ್ ಅವಳನ್ನು ಮೂರು ಸಲ ಮೂರು ಬಗೆಯಲ್ಲಿ ಕೇಳಿದ. ಮೂರು ಸಲವೂ ಅವಳು ಗೊತ್ತಿಲ್ಲ ಎಂದಳು. ಮೂರು ಸಲವೂ ಅದು ನಿಜವಾಗಿತ್ತು.

“ತಿಳಿದುಕೊಳ್ಳಲು ಏನಾದರೂ ಪ್ರಯತ್ನ ಮಾಡಿದಿರಾ?”

“ಮಾರ್ಚ್‌ವರೆಗೂ ಮಾಡಿದೆ. ಸಿಗಲಿಲ್ಲ. ಆಮೇಲೆ ತಿಳಿಯದೇ ಇರೋಕೆ ಪ್ರಯತ್ನ ಮಾಡಿದೆ ಸರ್. ಅದು ಇನ್ನೂ ಕಷ್ಟ.”

ಜನ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಅವಳ ಮುಖವನ್ನು ನೋಡಿ, ಮುಂದಿನ ಪ್ರಶ್ನೆ ಕೇಳಿ ಎಂದು ಬ್ಯಾರಿಸ್ಟರನಿಗೆ ಹೇಳಿದರು. ಮಾರನೆಯ ದಿನ ಲಸ್ಕಮ್ ಒಡ್ಡಿನ ನಕ್ಷೆಯನ್ನು ಜೂರಿಯ ಮುಂದೆ ಬಿಚ್ಚಿ ಹಾಸುತ್ತಿದ್ದಂತೆಯೇ ಡ್ರೂ ಮೊಕದ್ದಮೆ ಹಿಂದಕ್ಕೆ ಪಡೆದರು. ಇಲಿಯಂತೂ ಸಿಗಲಿಲ್ಲ, ಬಿಲ ಅಗೆಯುತ್ತ ಹೋದರೆ ತಮ್ಮ ಮನೆಯ ಗೋಡೆಯೇ ಬೀಳುತ್ತದೆಂದು ಅವರಿಗೆ ಅರಿವಾಗಿತ್ತು.

ಅಂದಿನಿಂದ ಅವನು ಯಾರೆಂದು ಐಲ್ಸಾ ತಿಳಿದುಕೊಳ್ಳಬಹುದಿತ್ತು. ಮೂರು ವಾರ ಕಾದಳು, ಪತ್ರ ಬರಲಿಲ್ಲ. ನಾಲ್ಕನೆಯ ವಾರ ರೈಲು ಹತ್ತಿ ಸಿಡ್ನಿಗೆ ಹೋದಳು. ಸತ್ತ ಕಾಗದಗಳ ಕಚೇರಿಯಲ್ಲಿ ಉಣ್ಣೆಯ ಕಾರ್ಡಿಗನ್ ಹಾಕಿದ್ದ ಗುಮಾಸ್ತ ಅವಳು ಬರೆದಿಟ್ಟುಕೊಂಡಿದ್ದ ನೋಂದಣಿ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಹುಡುಕಿದ.

“ಇದೆ ನೋಡಿ. ಒಳಗೆ ಹೆಸರು, ವಿಳಾಸ ಎರಡೂ ಇತ್ತು. ಆಗಸ್ಟ್ ಹದಿನಾಲ್ಕಕ್ಕೆ ಕಳಿಸಿದೋರಿಗೆ ವಾಪಸ್ ತಲುಪಿದೆ.”

“ಯಾರಿಗೆ?”

ಗುಮಾಸ್ತ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡ. “ಅದು ಹೇಳೋ ಹಾಗಿಲ್ಲಮ್ಮ. ಯಾರು ಕೇಳಿದ್ರೂ ಹೇಳಲ್ಲ.”

“ಆ ಪತ್ರ ನಂಗೇ ಬರೆದದ್ದು.”

“ನೀವು ಬೇಡ ಅಂದಿರಲ್ಲ. ಬೇಡ ಅಂದಮೇಲೆ ಅದು ಅವರದು. ಅವರ ಹೆಸರನ್ನ ನಾನು ನಿಮಗೆ ಕೊಟ್ರೆ, ನಾಳೆ ಇನ್ನೊಬ್ಬರ ಹೆಸರನ್ನ ಇನ್ನೊಬ್ಬರಿಗೆ ಕೊಡ್ಬೇಕಾಗುತ್ತೆ. ಆಮೇಲೆ ಯಾರು ನಮ್ಮ ಕೈಗೆ ಕಾಗದ ಕೊಡ್ತಾರೆ ಹೇಳಿ?”

ಆರು ತಿಂಗಳು ಅವಳು ಹೇಳಿಕೊಂಡು ಬಂದ ಮಾತೇ ಅದು. “ನೀವು ಹೇಳೋದು ಸರಿ,” ಎಂದು ಕೈಚೀಲ ಎತ್ತಿಕೊಂಡಳು.

ವಾಪಸು ಬರುವ ರೈಲಿನಲ್ಲಿ ತಾರೀಕುಗಳನ್ನು ಜೋಡಿಸಿ ನೋಡಿದಳು. ವಿಚಾರಣೆಗೆ ಆರು ದಿನ ಮೊದಲೇ ಲಕೋಟೆ ಅವನ ಕೈ ಸೇರಿದೆ. ಅವನಿಗೆ ತನ್ನ ಅಕ್ಷರದಲ್ಲಿ ಎಂದಾದರೂ ಏನನ್ನಾದರೂ ಬರೆಯಬೇಕೆಂದು ಏಳು ವರ್ಷ ಹಂಬಲಿಸಿದ್ದಳು. ಕಡೆಗೆ ಅವನನ್ನು ತಲುಪಿದ್ದು ಆ ಒಂದು ಪದ. ಅವನು ಕೋರ್ಟಿಗೆ ಬಂದು ತನ್ನನ್ನು ಒಪ್ಪಿಸಿಕೊಳ್ಳಲಿಲ್ಲ. ಅಂದರೆ ಅವಳ ಉದ್ದೇಶವನ್ನು ಅರ್ಥಮಾಡಿಕೊಂಡನೇ, ಅಥವಾ ಮುಖಕ್ಕೆ ಬಾಗಿಲು ಹಾಕಿಸಿಕೊಂಡವನಂತೆ ತಿರುಗಿ ನಡೆದನೇ? ಎರಡಕ್ಕೂ ಹೊರಗಿನಿಂದ ಕಾಣುವ ಮೌನ ಒಂದೇ. ಊರು ಬರುವಷ್ಟರಲ್ಲಿ ಅವಳು ಟಿಪ್ಪಣಿ ಪುಸ್ತಕದಲ್ಲಿ ಹತ್ತು ಸಾಲು ಬರೆದು ಒಂಬತ್ತನ್ನು ಹೊಡೆದುಹಾಕಿದ್ದಳು.

ಉಳಿದದ್ದನ್ನು ಸಂಪಾದಕ ಜಾರ್ವಿಸ್ ಎರಡು ಸಲ ಓದಿದ. “ನದಿಯವನಿಗೆ: ಅಂದು ತೆಗೆದುಕೊಳ್ಳುವಂತಿರಲಿಲ್ಲ. ಈಗ ತೆಗೆದುಕೊಳ್ಳುತ್ತೇನೆ. ಐಲ್ಸಾ ಮೆಕ್‌ಫೀ.”

“ಪೂರ್ತಿ ಹೆಸರಾ? ಊರೆಲ್ಲಾ ಓದುತ್ತೆ ಕಣೇ.”

“ಓದ್ಲಿ. ಹೆಸರು ಹಾಕದೇ ಇರೋದು ಎಷ್ಟು ಕಷ್ಟ ಅಂತ ಗೊತ್ತಾಗಿದೆ ನಂಗೆ.”

“ಎಲ್ಲಿ ಹಾಕ್ಲಿ? ಖಾಸಗಿ ಅಂಕಣಕ್ಕಾ?”

“ಉಬ್ಬರ ಇಳಿತದ ವೇಳಾಪಟ್ಟಿ ಕೆಳಗೆ ಹಾಕಿ. ನದೀಲಿ ಇರೋರು ಅದನ್ನ ನೋಡದೆ ದೋಣಿ ಬಿಚ್ಚಲ್ಲ.”

ಸೆಪ್ಟೆಂಬರಿನ ಕೊನೆಯ ಶನಿವಾರ ಅದು ಅಚ್ಚಾಯಿತು. ಆ ಮೇಲೆ ಪ್ರತಿ ಶನಿವಾರ ಆ ಸಾಲು ಬಂತು. ಈನಿಡ್ ಕ್ವಿಲ್ಟಿ ಅದನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಳು. ಸೀಗಡಿ ದೋಣಿಯವರು ಉಬ್ಬರದ ಹೊತ್ತನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ ಹೇಳುವಾಗ ಅದನ್ನೂ ಸೇರಿಸಿ ಓದುವುದು ರೂಢಿಯಾಯಿತು. ಮೊದಮೊದಲು ತಮಾಷೆಗೆ, ಆ ಮೇಲೆ ತಮಾಷೆಯಿಲ್ಲದೆ. ಹನ್ನೊಂದನೆಯ ವಾರ ಜಾರ್ವಿಸ್ ಕರಡು ಹಿಡಿದುಕೊಂಡು ಅವಳ ಮೇಜಿನ ಹತ್ತಿರ ಬಂದ.

“ಈ ವಾರಾನೂ ಹಾಕ್ಲಾ?”

ಐಲ್ಸಾ ಕರಡನ್ನು ಇಸಿದುಕೊಂಡು, ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದಳು.

“ಭಾನುವಾರದ ಉಬ್ಬರ ನಲವತ್ತು ನಿಮಿಷ ತಡ ಆಗುತ್ತೆ, ಇಲ್ಲಿ ತಪ್ಪಿದೆ, ತಿದ್ದಿ. ಅದರ ಕೆಳಗಿಂದು ಹಾಗೇ ಇರ್ಲಿ,” ಎಂದಳು.